ಸ್ಥಿರಕ್ಕೆ ಹೊರಟ ಸಚ್ಚಿದಾನಂದ

ಕೊಪ್ಪದ ಸಚ್ಚಿದಾನಂದನ ಮನೆಯಲ್ಲಿ ಮುಚ್ಚಳವಿದ್ದ ಯಂತ್ರ ಒಂದೂ ಇರಲಿಲ್ಲ. ರೇಡಿಯೋ ತನ್ನ ಕರುಳನ್ನೆಲ್ಲ ಹೊರಗೆ ಹಾಕಿಕೊಂಡು ಕಿಟಕಿಯ ಮೇಲೆ ಕೂತು ವಾರ್ತೆ ಓದುತ್ತಿತ್ತು. ಮಿಕ್ಸಿಯ ತಳ ಬಿಚ್ಚಿಯೇ ಇದ್ದದ್ದರಿಂದ ಹೆಂಡತಿ ಗೋದಾವರಿ ಚಟ್ನಿ ರುಬ್ಬುವಾಗ ಅದನ್ನು ತಪ್ಪಿಸಿಕೊಳ್ಳಲು ನೋಡುವ ಕರುವಿನಂತೆ ಎರಡೂ ಕೈಯಿಂದ ಅದುಮಿ ಹಿಡಿಯಬೇಕಿತ್ತು. ಗೋಡೆ ಗಡಿಯಾರಕ್ಕೆ ಗಾಜಿರಲಿಲ್ಲ. ಕರೆಗಂಟೆಗೆ ಗುಂಡಿಯಿಲ್ಲದೆ, ಬಂದವರು ಬಾಗಿಲ ಪಕ್ಕದ ಎರಡು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿ ತಮ್ಮ ಆಗಮನವನ್ನು ತಿಳಿಸಬೇಕಿತ್ತು. ಇವುಗಳಲ್ಲಿ ಯಾವುದೂ ಕೆಟ್ಟಿರಲಿಲ್ಲ ಎಂಬುದೇ ವಿಶೇಷ. ಕೆಟ್ಟದ್ದನ್ನು ರಿಪೇರಿ ಮಾಡುವವರು ಊರಿಗೊಬ್ಬರಾದರೂ ಇರುತ್ತಾರೆ. ಚೆನ್ನಾಗಿ ನಡೆಯುತ್ತಿರುವುದನ್ನು ಬಿಚ್ಚಿ ಇನ್ನಷ್ಟು ಚೆನ್ನಾಗಿಸುವ ವ್ರತ ಹಿಡಿದವನು ಸುತ್ತಲಿನ ತಾಲೂಕುಗಳಿಗೆಲ್ಲ ಇವನೊಬ್ಬನೇ. ಮುಚ್ಚಳ ಹಾಕಿದರೆ ಕೆಲಸ ಮುಗಿಯಿತೆಂದು ಒಪ್ಪಿಕೊಂಡಂತಾಗುತ್ತದೆ; ಹಾಗೆ ಒಪ್ಪಿಕೊಳ್ಳುವುದು ಅವನ ಜಾಯಮಾನದಲ್ಲಿರಲಿಲ್ಲ.

ಆಳು ಉದ್ದ, ತೆಳು. ಮುಖದಲ್ಲಿ ಯಾವಾಗಲೂ ಒಲೆಯ ಮೇಲೆ ಹಾಲಿಟ್ಟು ಬಂದವನ ಕಳವಳ. ಚಳಿ ಸೆಕೆ ಎನ್ನದೆ ತೊಡುತ್ತಿದ್ದ ತೋಳಿಲ್ಲದ ಖಾಕಿ ಕೋಟಿಗೆ ಹೊರಗೂ ಒಳಗೂ ಜೇಬುಗಳೇ ಜೇಬುಗಳು. ಬೇರೆಯವರು ಪೆನ್ನು ಸಿಕ್ಕಿಸುವ ಜಾಗದಲ್ಲಿ ಅವನದೊಂದು ಸ್ಕ್ರೂಡ್ರೈವರ್. ನಡಿಗೆಯಲ್ಲೂ ನೆಮ್ಮದಿಯಿರಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆಗೆ ದಾಪುಗಾಲು ಹಾಕಿ ಹೋಗುವವನು ಥಟ್ಟನೆ ನಿಂತು, ಬಂದ ದಾರಿಯಲ್ಲೇ ನಾಲ್ಕು ಹೆಜ್ಜೆ ಹಿಂದೆ ಬಂದು, ಏನೋ ಯೋಚಿಸಿ, ಮತ್ತೆ ಮುಂದೆ ಹೊರಡುತ್ತಿದ್ದ. ಅವನ ಹಿಂದೆ ನಡೆಯುವವರು ಒಂದು ಮಾರು ದೂರ ಇಟ್ಟುಕೊಂಡೇ ನಡೆಯುತ್ತಿದ್ದರು. ಮಾತಿಗೊಮ್ಮೆ 'ಇನ್ನೊಂದ್ ಚೂರು' ಎನ್ನುವುದು ಅವನ ರೂಢಿ. ಬಡಿಸುವವರಿಗೂ ಅದೇ, ಕ್ಷೌರದವನಿಗೂ ಅದೇ, ಮಂಗಳಾರತಿಯ ಹೊತ್ತಿನಲ್ಲಿ ದೀಪದ ಬತ್ತಿ ಸರಿಮಾಡುತ್ತ ಪುರೋಹಿತರಿಗೆ ಹೇಳಿದ್ದೂ ಅದೇ. ಕಮ್ಮರಡಿಯ ಅಂಗಡಿ ಮಂಜಯ್ಯನವರು ಒಮ್ಮೆ ನೆಂಟರ ಮದುವೆಗೆ ಹೊರಟಾಗ ಕಳ್ಳರ ಭಯಕ್ಕೆ ತಮ್ಮ ಹೊಸ ಯುಪಿಎಸ್ಸನ್ನು ಇವನಲ್ಲಿ ಇಟ್ಟು ಹೋಗಿದ್ದರು. ಹಿಂದಿರುಗಿ ನೋಡಿದರೆ ಅದು ಮೊದಲಿಗಿಂತ ಹೆಚ್ಚು ಹೊತ್ತು ಕರೆಂಟು ಕೊಡುತ್ತಿತ್ತು ನಿಜ, ಆದರೆ ಗಳಿಗೆಗೊಮ್ಮೆ ಕಾರಣವಿಲ್ಲದೆ ಕೂಗಿಕೊಳ್ಳುತ್ತಿತ್ತು.

"ಇಟ್ಕೊಂಡಿರು ಅಂದಿದ್ದು ಮಾರಾಯ, ಬಿಚ್ಚು ಅಂದಿದ್ನಾ?" ಎಂದು ಮಂಜಯ್ಯನವರು ಹಣೆ ಚಚ್ಚಿಕೊಂಡರು.

ಹುಟ್ಟಿದ್ದು ಶೃಂಗೇರಿಯ ವೈದಿಕ ಮನೆತನದಲ್ಲಿ. ಪಾಠಶಾಲೆಗೆ ಹಾಕಿದ್ದರು. ಅಲ್ಲಿ ಮಂತ್ರವನ್ನು ಸ್ವರ ಚಲಿಸದಂತೆ ಹಿರಿಯರು ಹೇಳಿಕೊಟ್ಟ ಹಾಗೆಯೇ ಹೇಳಬೇಕೆಂಬುದು ಇವನಿಗೆ ಕಟ್ಟಿಹಾಕಿದಂತಾಗಿ, ಕೆಲವು ವರ್ಷಕ್ಕೇ ಅಲ್ಲಿಂದ ಕಾಲ್ಕಿತ್ತು ಪಾಲಿಟೆಕ್ನಿಕ್ ಸೇರಿದ. ಕೊನೆಗೆ ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ತೆರೆದು, ಕಚೇರಿ ಗುಮಾಸ್ತರಿಗೂ ಪರೀಕ್ಷೆ ಕಟ್ಟುವ ಹುಡುಗಿಯರಿಗೂ ಟೈಪಿಂಗು ಕಲಿಸುತ್ತ ನೆಲೆಯೂರಿದ. ಅಲ್ಲಿನ ಕಂಪ್ಯೂಟರುಗಳು ಊರಿನವರ ಕಂಪ್ಯೂಟರುಗಳಂತೆಯೇ ಇದ್ದವು. ಮನೆಯದು ಮಾತ್ರ ಬೇರೆ. ಅದರಲ್ಲಿ ಲಿನಕ್ಸ್.

ಈ ಲಿನಕ್ಸಿನ ಸಂಗತಿಯನ್ನು ಒಂದಿಷ್ಟು ಹೇಳದಿದ್ದರೆ ಸಚ್ಚಿದಾನಂದ ಅರ್ಥವಾಗುವುದಿಲ್ಲ. ದೇಶವಿದೇಶಗಳ ಸಾವಿರಾರು ಜನ ಕೂಡಿ ಕಟ್ಟಿ, ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ಬಿಟ್ಟ ವ್ಯವಸ್ಥೆ ಅದು. ಅವನು ಹಾಕಿಕೊಂಡಿದ್ದ ಬಗೆಯಲ್ಲಿ ಎರಡು ಪಂಗಡ. ಒಂದು ಸ್ಟೇಬಲ್, ಅಂದರೆ ಸ್ಥಿರ: ಎಲ್ಲವನ್ನೂ ಅಳೆದು ಸುರಿದು ಪರೀಕ್ಷಿಸಿ, ಇನ್ನು ಮುಟ್ಟುವುದಿಲ್ಲವೆಂದು ವರ್ಷಗಟ್ಟಲೆ ಹಾಗೆಯೇ ಬಿಟ್ಟದ್ದು. ಇನ್ನೊಂದು ಅನ್‌ಸ್ಟೇಬಲ್: ದಿನ ಬೆಳಗಾದರೆ ಹೊಸತು ಬಂದು ಬೀಳುವ, ಇವತ್ತು ನಡೆದದ್ದು ನಾಳೆ ನಡೆದೀತೆಂಬ ಭರವಸೆಯಿಲ್ಲದ ಅಸ್ಥಿರ. ಇವನು ಯಾವುದನ್ನು ಆರಿಸಿಕೊಂಡಿದ್ದನೆಂದು ಬೇರೆ ಹೇಳಬೇಕೆ? ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ, ಆಮೇಲೆ ಅಪ್‌ಗ್ರೇಡ್. ಈ ಮೂರರಲ್ಲಿ ಮೊದಲಿನೆರಡು ಒಮ್ಮೊಮ್ಮೆ ತಪ್ಪುತ್ತಿದ್ದವು.

ಅಷ್ಟರಲ್ಲೇ ಇದ್ದಿದ್ದರೆ ಇದು ನಗುವ ಕಥೆಯಾಗಿಯೇ ಮುಗಿಯುತ್ತಿತ್ತು. ಆದರೆ ಆ ಮನೆಯಲ್ಲಿ ವನಮಾಲಕ್ಕ ಇದ್ದಳು.

ವನಮಾಲಾ ಅವನ ಒಡಹುಟ್ಟಿದ ಅಕ್ಕ. ನರಸಿಂಹರಾಜಪುರದ ಹೈಸ್ಕೂಲಿನಲ್ಲಿ ಆಯುಷ್ಯವೆಲ್ಲ ಕನ್ನಡ ಪಾಠ ಮಾಡಿದವಳು. ಮದುವೆ ಬೇಡವೆಂದಳು, ಬಂಗಾರ ಬೇಡವೆಂದಳು. ಅವಳಿಗೆ ಬೇಕಾದದ್ದು ಓದು ಒಂದೇ. ಊಟಕ್ಕೆ ಕೂತರೂ ತಟ್ಟೆಯ ಪಕ್ಕದಲ್ಲಿ ಪುಸ್ತಕ, ಭದ್ರೆಯ ಹಿನ್ನೀರಿನ ದಡಕ್ಕೆ ಸಂಜೆ ತಿರುಗಾಡಲು ಹೋದರೂ ಕಂಕುಳಲ್ಲಿ ಪುಸ್ತಕ. ಅಂಥವಳಿಗೆ ಗ್ಲಾಕೋಮಾ ಬಂದು, ನಿವೃತ್ತಿಯ ಹೊತ್ತಿಗೆ ಎರಡೂ ಕಣ್ಣು ಹೋದವು. ತಮ್ಮ ಅವಳನ್ನು ಕೊಪ್ಪಕ್ಕೆ ಕರೆತಂದ. ಗೋದಾವರಿ ಒಳ್ಳೆಯ ಹೆಣ್ಣುಮಗಳು, ಅತ್ತಿಗೆಗೆ ದಿನವೂ ಓದಿ ಹೇಳುತ್ತಿದ್ದಳು. ಆದರೆ ಕುಕ್ಕರು ಕೂಗಿದರೆ ಏಳಬೇಕು, ಹಾಲಿನವನು ಬಂದರೆ ಏಳಬೇಕು. ಎದ್ದು ಹೋದವಳು ತಿರುಗಿ ಬಂದು ಕೂರುವ ತನಕ ಅಕ್ಕ ಅರ್ಧ ವಾಕ್ಯದಲ್ಲಿ ಕಾಯುತ್ತ ಕೂತಿರುವುದನ್ನು ಸಚ್ಚಿದಾನಂದ ನೋಡುತ್ತಿದ್ದ. ಬೇರೆಯವರ ಬಿಡುವಿಗೆ ಕಾದು ಓದಬೇಕಾದ ಆ ಹಂಗು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು, ಅದನ್ನು ನೋಡುವುದು ಅವನಿಂದ ಆಗುತ್ತಿರಲಿಲ್ಲ.

ಎರಡು ಸಾವಿರದ ಐದಾರರ ಸುಮಾರಿಗೆ ಅವನ ಆ ಅಸ್ಥಿರ ಲಿನಕ್ಸಿನೊಳಗೆ ಕನ್ನಡವನ್ನು ಗಟ್ಟಿಯಾಗಿ ಓದುವ ಒಂದು ದನಿ ಬಂದು ಸೇರಿತು. ಯಾರೋ ಪುಣ್ಯಾತ್ಮರು ಮಾಡಿದ್ದು. ಪರದೆಯ ಮೇಲಿನ ಅಕ್ಷರಗಳನ್ನು ಅದು ಉಚ್ಚರಿಸುತ್ತಿತ್ತು. ಹೇಗೆಂದರೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಳಕಾರವನ್ನು ಲಕಾರವಾಗಿ, ಮಹಾಪ್ರಾಣಗಳನ್ನು ನುಂಗಿ, ಹೆದರಿದ ಮಗು ಪಾಠ ಒಪ್ಪಿಸಿದಂತೆ. ಮೊದಲ ದಿನ ಕೇಳಿ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಎರಡನೆಯ ದಿನ ನಗಲಿಲ್ಲ. ಮೂರನೆಯ ದಿನ ಬೆನ್ನು ನೆಟ್ಟಗೆ ಮಾಡಿ ಕೂತು, "ಮಾಣಿ, ಇದಕ್ಕೆ ಅಲ್ಲಿ ನಿಲ್ಲು ಅಂತ ಹೇಳೋಕಾಗ್ತದಾ?" ಎಂದು ತಮ್ಮನನ್ನು ಕೇಳಿದಳು.

ಆಗುತ್ತಿತ್ತು. ದನಿಯ ಉಚ್ಚಾರದ ನಿಯಮಗಳೆಲ್ಲ ತೆರೆದೇ ಇದ್ದವು, ತಿದ್ದಬಹುದಿತ್ತು. ಅಂದಿನಿಂದ ಒಂದೂವರೆ ವರ್ಷ ಆ ಮನೆಯಲ್ಲಿ ನಡೆದದ್ದು ಪಾಠ. ಅದು ಓದುವುದು, ಅಕ್ಕ ತಡೆಯುವುದು, ತಮ್ಮ ತಿದ್ದುವುದು, ಅದು ಮತ್ತೆ ಓದುವುದು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಪ್ರಶ್ನೆಯಲ್ಲಿ ದನಿ ಎಲ್ಲಿ ಏರಬೇಕು, ಒತ್ತಕ್ಷರವನ್ನು ಎಷ್ಟು ಒತ್ತಬೇಕು, ಷಟ್ಪದಿಯ ಸಾಲು ಮುಗಿದಾಗ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನೆಲ್ಲ ಆಕೆ ಎಂಟನೆಯ ತರಗತಿಯ ಮಕ್ಕಳಿಗೆ ಕಲಿಸಿದ ಸಹನೆಯಲ್ಲೇ ಅದಕ್ಕೂ ಕಲಿಸಿದಳು. ತಪ್ಪಾದಾಗ "ಥೂ, ದಡ್ಡ ಮುಂಡೇದೇ" ಎಂದು ಬಯ್ಯುತ್ತಿದ್ದಳು, ಸರಿಯಾದಾಗ ಮೇಜಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದಳು. ಕೊನೆಕೊನೆಗೆ ಆ ದನಿ ಪೂರಾ ಮನುಷ್ಯರದಾಗದಿದ್ದರೂ ವನಮಾಲಾ ಟೀಚರ ಕೈಯಲ್ಲಿ ಪಳಗಿದ ಯಾವುದೇ ವಿದ್ಯಾರ್ಥಿಯಂತೆ ಓದತೊಡಗಿತು. ಕಣ್ಣು ಹೋದ ಮೇಲೆ ಅವಳಿಗೆ ಸಿಕ್ಕಿದ ಒಬ್ಬನೇ ಶಿಷ್ಯ ಅದು. ಗೋದಾವರಿ ಅಡುಗೆಮನೆಯಿಂದ ಇಣುಕಿ ನೋಡಿ, ಅತ್ತಿಗೆಯ ಮುಖದಲ್ಲಿ ಮತ್ತೆ ಬಣ್ಣ ಬಂದಿದೆಯೆಂದು ಕಣ್ಣೊರೆಸಿಕೊಂಡಳು.

ಆದರೆ ಅಸ್ಥಿರದ ಗುಣ ಅಸ್ಥಿರದ್ದೇ. ಇವನ ಬೆಳಗಿನ ಅಪ್‌ಗ್ರೇಡ್ ಮುಗಿದ ಮೇಲೆ ಕೆಲವು ದಿನ ದನಿಯೇ ಹೊರಡುತ್ತಿರಲಿಲ್ಲ. ಎಲ್ಲೋ ಯಾರೋ ಏನನ್ನೋ ಬದಲಾಯಿಸಿರುತ್ತಿದ್ದರು. ಅದನ್ನು ಹುಡುಕಿ ಸರಿಮಾಡಲು ಒಮ್ಮೆ ಒಂದು ದಿನ, ಒಮ್ಮೆ ವಾರ. ಅಷ್ಟು ದಿನವೂ ಅಕ್ಕ ತಣ್ಣಗೆ ಕೂತಿರುತ್ತಿದ್ದಳು. ಅಪ್‌ಗ್ರೇಡ್ ನಿಲ್ಲಿಸಿದ್ದರೆ ಆಗುತ್ತಿತ್ತಲ್ಲ ಎಂದು ನಿಮಗೂ ಅನಿಸುತ್ತದೆ, ಗೋದಾವರಿಗೂ ಅನಿಸಿತ್ತು. ಅವನಿಗೆ ಆಗುತ್ತಿರಲಿಲ್ಲ. ಹೊಸತು ಬಂದಿದೆಯೆಂದು ಗೊತ್ತಾದರೆ ಕೈ ತಡೆಯುವುದು ಕುಡುಕನಿಗೆ ಎಷ್ಟು ಸಾಧ್ಯವೋ ಅವನಿಗೂ ಅಷ್ಟೇ ಸಾಧ್ಯ. ಒಂದು ಸಲ ದನಿ ಹೋಗಿ ಹತ್ತು ದಿನ ಕಳೆದಾಗ ಅಕ್ಕ ಅವನನ್ನು ಹತ್ತಿರ ಕರೆದಳು.

"ಮಾಣಿ, ನಿನ್ನ ಹೊಸದು ಯಾವ್ದೂ ನಂಗೆ ಬೇಡ. ಇವತ್ತು ಓದಿದ್ದು ನಾಳೆನೂ ಓದಿದ್ರೆ ಸಾಕು. ಅಷ್ಟು ಮಾಡಿಕೊಡ್ತೀಯಾ?"

ಅವಳು ಯಾರನ್ನೂ ಏನನ್ನೂ ಬೇಡಿದವಳಲ್ಲ. ಸಚ್ಚಿದಾನಂದ ಅವಳ ಪಕ್ಕದಲ್ಲಿ ಕೂತ. ಸ್ಥಿರಕ್ಕೆ ಹೋಗಿಬಿಡುತ್ತೇನೆ ಎಂದು ಅಕ್ಕನ ಕೈ ಹಿಡಿದು ಮಾತು ಕೊಟ್ಟ. ಅಲ್ಲಿ ಯಾರೂ ಏನನ್ನೂ ವರ್ಷಗಟ್ಟಲೆ ಮುಟ್ಟುವುದಿಲ್ಲ. ಮುಟ್ಟಬೇಕೆಂದರೂ ಮುಟ್ಟಲು ಹೊಸತೇ ಇರುವುದಿಲ್ಲ. ತನ್ನ ಕೈಗೆ ತಾನೇ ಹಗ್ಗ ಕಟ್ಟಿಕೊಳ್ಳಲು ಅವನಿಗೆ ತೋಚಿದ ಉಪಾಯ ಅದೊಂದೇ.

ಸ್ಥಿರದಿಂದ ಅಸ್ಥಿರಕ್ಕೆ ಹೋಗಲು ರಾಜಮಾರ್ಗವಿತ್ತು. ಅಸ್ಥಿರದಿಂದ ಸ್ಥಿರಕ್ಕೆ ಮರಳಲು ಯಾರೂ ದಾರಿಯನ್ನೇ ಮಾಡಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ತಿಳಿದವರನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಹೊಸತರ ಮೇಲೆ ಹಳೆಯದನ್ನು ಹೇರಬೇಡ, ಬೇಕಾದ್ದನ್ನು ಬೇರೆ ಕಡೆ ಎತ್ತಿಟ್ಟುಕೊಂಡು, ಎಲ್ಲವನ್ನೂ ಅಳಿಸಿ, ಸ್ಥಿರವನ್ನು ಹೊಸದಾಗಿ ಹಾಕು. ಅದು ಅವನಿಗೆ ಹಿಡಿಸಲಿಲ್ಲ. ಅಳಿಸುವುದು ಸೋತವರ ಕೆಲಸ. ಒಂದೊಂದಾಗಿ ಬಿಚ್ಚಿ ಒಂದೊಂದಾಗಿ ಇಳಿಸುತ್ತೇನೆ, ನೋಡೇ ಬಿಡೋಣ ಎಂದ.

ದಿನವನ್ನೂ ಅವನೇ ಗೊತ್ತುಮಾಡಿದ: ನವರಾತ್ರಿ. ಅವರ ಮನೆತನದಲ್ಲಿ ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಮಣೆಯ ಮೇಲೆ ಜೋಡಿಸಿ ಸರಸ್ವತಿಯನ್ನು ಆವಾಹನೆ ಮಾಡಿದರೆ, ವಿಜಯದಶಮಿಯಲ್ಲಿ ವಿಸರ್ಜನೆಯಾಗುವವರೆಗೆ ಮನೆಯಲ್ಲಿ ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ. ಆ ದಿನಗಳಲ್ಲಿ ಅಕ್ಕನೂ ಓದು ಕೇಳುವುದಿಲ್ಲ. ದನಿ ನಿಂತರೂ ಅವಳಿಗೆ ಏನೂ ಕಳೆದುಹೋಗುವುದಿಲ್ಲ. ವಿಜಯದಶಮಿಯ ಬೆಳಿಗ್ಗೆ ವಿದ್ಯಾರಂಭಕ್ಕೆ ಸರಿಯಾಗಿ ಅವಳ ಶಿಷ್ಯ ಸ್ಥಿರಾಸನದಲ್ಲಿ ಕೂತು ಓದುತ್ತಾನೆ. ಕೀಲಿಮಣೆಯಲ್ಲಿ ಇಂಗ್ಲಿಷಿನ ಆಜ್ಞೆಗಳನ್ನು ಕುಟ್ಟುವುದು ಓದೂ ಅಲ್ಲ ಬರಹವೂ ಅಲ್ಲ, ಅದು ಕೈಗೆಲಸ ಎಂದು ಅವನೇ ಶಾಸ್ತ್ರನಿರ್ಣಯವನ್ನೂ ಕೊಟ್ಟುಕೊಂಡ. ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದ ಕೆಲಸ ಅವನ ಜೀವನದಲ್ಲಿ ಬೇರೊಂದಿಲ್ಲ, ಅದೇ ಅವನನ್ನು ಮುಳುಗಿಸಿತು.

ಆಯುಧಪೂಜೆಯ ಹಿಂದಿನ ದಿನ ಊರಿಗೆ ಊರೇ ತೊಳೆಯುತ್ತಿತ್ತು. ಬಸ್ಸು, ಜೀಪು, ಸ್ಕೂಟರು, ಕತ್ತಿ, ಗರಗಸ, ಹಾರೆ, ಎಲ್ಲವೂ ಮೈ ತಿಕ್ಕಿಸಿಕೊಂಡು ಮರುದಿನದ ಅರಿಶಿನ ಕುಂಕುಮಕ್ಕೆ ಸಿದ್ಧವಾಗುತ್ತಿದ್ದವು. ಸಚ್ಚಿದಾನಂದನೂ ವರ್ಷವರ್ಷದಂತೆ ತನ್ನ ಯಂತ್ರವನ್ನು ಶುದ್ಧಮಾಡಲು ಕೂತ. ಹೊರಗಿನ ಧೂಳನ್ನು ಬ್ರಷ್ಷಿನಿಂದ ತೆಗೆದ. ಆಮೇಲೆ ಒಳಗಿನದು. ಲಿನಕ್ಸಿನಲ್ಲಿ ಇಳಿಸಿಕೊಂಡ ತಂತ್ರಾಂಶದ ಪ್ರತಿಯೊಂದು ಕಟ್ಟೂ ಒಂದು ಉಗ್ರಾಣದಲ್ಲಿ ಹಾಗೆಯೇ ಉಳಿದು ರಾಶಿ ಬೀಳುತ್ತದೆ. ಒಂದು ಆಜ್ಞೆ ಕೊಟ್ಟರೆ ಅಷ್ಟೂ ಗುಡಿಸಿ ಹೋಗುತ್ತದೆ. ಪೂಜೆಗೆ ಕೂರುವ ಆಯುಧದ ಹೊಟ್ಟೆಯಲ್ಲಿ ಕಸವಿರಬಾರದು. ಅವನು ಆಜ್ಞೆ ಕೊಟ್ಟ.

ಅಕ್ಕ ತಿದ್ದಿದ ದನಿಯನ್ನೂ ಅವನು ಒಂದು ಕಟ್ಟು ಕಟ್ಟಿ ಇಟ್ಟದ್ದು ಅದೇ ಉಗ್ರಾಣದಲ್ಲಿ. ಯಂತ್ರಕ್ಕೆ ಸುಲಭವಾಗಿ ಸಿಗಲಿ ಎಂದು. ಕೈ ಅಭ್ಯಾಸದಲ್ಲಿ ಓಡುತ್ತಿತ್ತು, ಮನಸ್ಸು ಮುಂದಿನ ಕೆಲಸದಲ್ಲಿತ್ತು. ಆ ಕ್ಷಣ ಅದು ಹೊಳೆಯಲೇ ಇಲ್ಲ. ಗೋದಾವರಿ ರಂಗೋಲಿ ಬಟ್ಟಲು ಹಿಡಿದು ಹೋಗುತ್ತಿದ್ದವಳು ನಿಂತು, "ಅತ್ತಿಗೆ ಓದಿಸ್ತಿದ್ದದ್ದನ್ನ ಒಂದು ಸೀಡಿಗೆ ಹಾಕ್ಕೊಂಡ್ರಾ?" ಎಂದು ಕೇಳಿದ್ದಳು.

"ಇದ್ರಲ್ಲೇ ಇದೆಯಲ್ಲ ಮಾರಾಯ್ತಿ, ಎಲ್ಲಿ ಹೋಗ್ತದೆ?" ಎಂದ ಸಚ್ಚಿದಾನಂದ.

ಉಗ್ರಾಣದ್ದು ಹೋಗಿದ್ದರೂ ಆಗ ಅದು ಇನ್ನೂ ಒಂದು ಕಡೆ ಇತ್ತು ನಿಜ: ಯಂತ್ರದಲ್ಲಿ ನಡೆಯುತ್ತಿದ್ದ ದನಿಯಲ್ಲಿ. ಸಂಜೆಯವರೆಗೆ ಅವನು ಹೊಸತರ ಮೇಲೆ ಹಳೆಯದನ್ನು ಹೇರುತ್ತ ಹೋದ. ಒಂದು ಇಳಿಯಲೊಲ್ಲೆನೆಂದರೆ ಅದನ್ನು ಹಿಡಿದುಕೊಂಡಿದ್ದ ಇನ್ನೊಂದನ್ನು ಕಿತ್ತ. ಅದೂ ಒಪ್ಪದಿದ್ದರೆ ಬಲವಂತದ ಆಜ್ಞೆ ಕೊಟ್ಟ. ದನಿಯ ಸರದಿಯೂ ಬಂತು. ಸ್ಥಿರದಲ್ಲಿದ್ದ ಹಳೆಯ ದನಿ ಅವನು ತಿದ್ದಿದ ದನಿಯ ಮೇಲೆ ಕೂತು, ಅಡಿಯಲ್ಲಿದ್ದುದನ್ನು ಒರೆಸಿಹಾಕಿತು. ದೀಪ ಹಚ್ಚುವ ಹೊತ್ತಿಗೆ ಯಂತ್ರ ಸ್ಥಿರವಾಗಿ ಎದ್ದು ನಿಂತು, ತಾನು ಸಿದ್ಧವೆಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿತು. ಯಾರೂ ಆಗದೆಂದದ್ದನ್ನು ಸಾಧಿಸಿದ ಹುರುಪಿನಲ್ಲಿ ಅವನು ಮನೆಯಲ್ಲೆಲ್ಲ ಓಡಾಡಿದ. ಕನ್ನಡದ ಒಂದೇ ಒಂದು ಸಾಲು ಓದಿಸಿ ನೋಡಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಆದರೆ ಕನ್ನಡ ಓದಿಸಿದರೆ ಅದು ಓದು, ಪುಸ್ತಕಗಳು ಪೂಜೆಯಲ್ಲಿವೆ. ಪಾಠಶಾಲೆ ಬಿಟ್ಟು ಓಡಿದವನು ಆ ಒಂದು ನಿಯಮಕ್ಕೆ ಮಾತ್ರ ತಲೆಬಾಗಿದ.

ಮರುದಿನ ಯಂತ್ರ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ವಿಶ್ರಾಂತಿ ಪಡೆಯಿತು. ವಿಜಯದಶಮಿಯ ಬೆಳಿಗ್ಗೆ ವಿಸರ್ಜನೆಯಾಯಿತು. ವನಮಾಲಕ್ಕ ತಲೆಗೆ ನೀರು ಹಾಕಿಕೊಂಡು, ಮಡಿಸೀರೆ ಉಟ್ಟು, ಹೊಸದಾಗಿ ಶಾಲೆಗೆ ಸೇರುವ ಹುಡುಗಿಯ ಸಂಭ್ರಮದಲ್ಲಿ ಬಂದು ಕೂತಳು. ಹಿನ್ನೀರಿನ ದಡದ ಸಂಜೆಯ ಬಗ್ಗೆ ಅವಳೇ ಹಿಂದೆ ತಮ್ಮನಿಂದ ಟೈಪಿಂಗು ಕಲಿತು ಬರೆದಿದ್ದ ಒಂದು ಪುಟವನ್ನು ಅವನು ತೆರೆದುಕೊಟ್ಟ. ಅವಳು ತಡವಿ ಕೀಲಿ ಒತ್ತಿದಳು.

ಹಳೆಯ ದನಿಗೆ ಕನ್ನಡವೇ ಬರುತ್ತಿರಲಿಲ್ಲ. ಒಂದೊಂದು ಅಕ್ಷರ ಎದುರಾದಾಗಲೂ ಅದು ಯಂತ್ರದೊಳಗೆ ಆ ಅಕ್ಷರಕ್ಕೆ ಕೊಟ್ಟ ಸಂಖ್ಯೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತ ಹೋಯಿತು. ಸಂಖ್ಯೆಯ ಮೇಲೆ ಸಂಖ್ಯೆ, ಸಂಖ್ಯೆಯ ಮೇಲೆ ಸಂಖ್ಯೆ, ಎಡವದೆ, ನಿಲ್ಲದೆ.

"ಎಂತದು ಮಾಣಿ? ಇದು ಎಂತ ಎಣಿಸ್ತಾ ಇದೆ?"

ಅವನ ಕೈ ಆಗಲೇ ಉಗ್ರಾಣದತ್ತ ಓಡಿತ್ತು. ಉಗ್ರಾಣ ಬರಿದಾಗಿತ್ತು. ಅಸ್ಥಿರಕ್ಕೆ ಮರಳಿ ಹೋಗಿ ತರೋಣವೆಂದರೆ, ಅಸ್ಥಿರ ನಿನ್ನೆಯದನ್ನು ಇಟ್ಟುಕೊಳ್ಳುವುದಿಲ್ಲ. ಅಲ್ಲಿ ಆ ವಾರ ಬಂದಿದ್ದ ಹೊಸ ದನಿಯಲ್ಲಿ ಕನ್ನಡದ ಭಾಗ ಮುರಿದಿತ್ತು, ಅದನ್ನು ನೋಡಿಕೊಳ್ಳುತ್ತಿದ್ದವರು ಬಿಟ್ಟುಹೋಗಿದ್ದರು. ಮುರಿದದ್ದನ್ನು ಕಟ್ಟಬಹುದಿತ್ತೇನೋ. ಅಕ್ಕ ಒಂದೂವರೆ ವರ್ಷ ಕೂತು ಕಲಿಸಿದ ಉಸಿರು, ನಿಲುಗಡೆ, ಏರಿಳಿತ ಮಾತ್ರ ಪ್ರಪಂಚದ ಯಾವ ಯಂತ್ರದಲ್ಲೂ ಉಳಿದಿರಲಿಲ್ಲ. ಅವನು ಅದನ್ನು ಮೊದಲು ಗುಡಿಸಿಹಾಕಿ, ಆಮೇಲೆ ಒರೆಸಿಹಾಕಿದ್ದ. ನಾಲ್ಕು ದಿನ ಊಟ ನಿದ್ದೆ ಬಿಟ್ಟು ಹುಡುಕಿದ. ಐದನೆಯ ದಿನ ಅಕ್ಕನ ಕಾಲ ಬಳಿ ನೆಲದ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದ. ಅವಳು ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಅವನ ತಲೆ ಸವರಿ, "ಹೋಗ್ಲಿ ಬಿಡು. ನಂಗಾಗಿ ಮಾಡಕ್ಕೆ ಹೋದೆ" ಎಂದಳು.

ಅದಾದ ಮೇಲೆ ಸಚ್ಚಿದಾನಂದ ಆ ಯಂತ್ರವನ್ನು ಮುಟ್ಟಲಿಲ್ಲ. ಮುರಿದದ್ದನ್ನು ಯಾರೋ ಕಟ್ಟಿದ್ದಾರೆ, ಸ್ಥಿರದ ಮುಂದಿನ ಆವೃತ್ತಿಯಲ್ಲಿ ಕನ್ನಡ ಓದುವ ದನಿ ಇರುತ್ತದೆ ಎಂದು ಕೇಳಿ, ಅದು ಹೊರಬರುವುದನ್ನೇ ಕಾದ. ಯಾವಾಗ ಬರುತ್ತದೆಂದು ಕೇಳಿದರೆ, ಸಿದ್ಧವಾದಾಗ ಎಂಬುದಷ್ಟೇ ಉತ್ತರ. ಗೋದಾವರಿ ಮೊದಲಿನಂತೆ ಓದಿ ಹೇಳಲು ಬಂದಳು; ಅಕ್ಕ ಮೊದಮೊದಲು ಕೇಳಿದಳು, ಆಮೇಲೆ "ನಿಂಗೆ ಕೆಲ್ಸ ಇರ್ತದೆ, ಹೋಗು" ಎಂದು ಕಳಿಸತೊಡಗಿದಳು. ಬೆಳಿಗ್ಗೆಯಿಂದ ಸಂಜೆಯ ತನಕ ಜಗಲಿಯ ಬೆಂಚಿನ ಮೇಲೆ ಕೈಗಳನ್ನು ಮಡಿಲಲ್ಲಿಟ್ಟು ಕೂತಿರುತ್ತಿದ್ದಳು. ಬಸ್‌ಸ್ಟ್ಯಾಂಡಿಗೆ ಹೋಗುವಾಗ ಅವನು ಅವಳ ಮುಂದೆ ಹಾದುಹೋಗಬೇಕಿತ್ತು, ಹೆಜ್ಜೆಯ ಸಪ್ಪಳ ಕೇಳಿ ಅವಳು ಮುಖವೆತ್ತುತ್ತಿದ್ದಳು. ಕೆಲವು ದಿನ ಅವನು ಹಿತ್ತಿಲ ಬಾಗಿಲಿನಿಂದ ಹೋಗುತ್ತಿದ್ದ.

ಎರಡು ಸಾವಿರದ ಒಂಬತ್ತರಲ್ಲಿ ಹೊಸ ಸ್ಥಿರ ಬಂತು. ಈ ಸಲ ಎಲ್ಲವನ್ನೂ ಅಳಿಸಿ, ಹೇಳಿದ ಕ್ರಮದಲ್ಲೇ ಹಾಕಿದ. ಕನ್ನಡದ ಸಾಲನ್ನು ಹತ್ತು ಸಲ ಓದಿಸಿ ನೋಡಿ, ಆಮೇಲೆ ಅಕ್ಕನನ್ನು ಕೈಹಿಡಿದು ಕರೆತಂದು ಕೂರಿಸಿದ. ದನಿ ಹಿನ್ನೀರಿನ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದಿತು: ಒಂದೇ ಉಸಿರಿನಲ್ಲಿ, ಮಹಾಪ್ರಾಣಗಳನ್ನು ನುಂಗಿ. ಅಕ್ಕ ಪೂರ್ತಿ ಕೇಳಿದಳು.

"ಇನ್ನು ಇದು ಹಾಳಾಗಲ್ಲ ಅಕ್ಕ, ನಾನು ಮುಟ್ಟೋದೂ ಇಲ್ಲ" ಎಂದ ಅವನು. "ನೀನು ಮತ್ತೆ ಹೇಳಿಕೊಡು. ನಾನು ತಿದ್ದುತ್ತೇನೆ. ಈ ಸಲ ಕಲಿತದ್ದು ಕಲಿತ ಹಾಗೇ ಇರ್ತದೆ."

ಅಕ್ಕ ಕೀಲಿಮಣೆಯ ಅಂಚನ್ನು ಬೆರಳಿನಿಂದ ಸವರಿದಳು.

"ಕಲೀತದೆ ಮಾಣಿ, ಅದಕ್ಕೇನು. ನಂಗೇ ಓದ್ಬೇಕು ಅಂತ ಅನ್ನಿಸೋದು ನಿಂತುಹೋಗಿದೆ. ಯಾವಾಗ ನಿಂತಿತು ಅಂತ ಗೊತ್ತೇ ಆಗ್ಲಿಲ್ಲ."

ಎದ್ದು, ಗೋಡೆ ಹಿಡಿದುಕೊಂಡು ಜಗಲಿಗೆ ಹೋದಳು.

ಇಂಥವರನ್ನು ಚಂಚಲರೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ನೋಡಿದರೆ ಅವರಷ್ಟು ನಿಷ್ಠಾವಂತರು ಇನ್ನೊಬ್ಬರಿಲ್ಲ. ಪ್ರೀತಿಸಿದ್ದನ್ನು ಇದ್ದಂತೆಯೇ ಬಿಡುವುದು ಮಾತ್ರ ಅವರ ಕೈಯಲ್ಲಾಗುವುದಿಲ್ಲ. ತಮ್ಮ ಒಲವನ್ನು ಅವರು ತಿದ್ದುವುದರಲ್ಲೇ ತೋರಿಸಬಲ್ಲರು, ಸುಮ್ಮನಿರುವುದರಲ್ಲಿ ತೋರಿಸಲಾರರು, ಮತ್ತು ನಮ್ಮ ಮನೆಗಳಲ್ಲಿ ನಮ್ಮ ಹತ್ತಿರದವರು ನಮ್ಮಿಂದ ಕೇಳುವುದು ಬಹುಪಾಲು ಸುಮ್ಮನಿರುವುದನ್ನೇ. ಒಂದಲ್ಲ ಒಂದು ದಿನ ಅವರೂ ಸ್ಥಿರಕ್ಕೆ ತಲುಪುತ್ತಾರೆ. ಅಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿರುತ್ತದೆ, ಯಾವುದೂ ಕೆಡುವುದಿಲ್ಲ, ಮುಟ್ಟಬೇಕಾದದ್ದು ಏನೂ ಇರುವುದಿಲ್ಲ. ಯಾರಿಗಾಗಿ ಬಂದರೋ ಅವರು ಅಷ್ಟು ಹೊತ್ತಿಗೆ ಎದ್ದು ಹೊರಗೆ ಹೋಗಿರುತ್ತಾರೆ.